ಈ ವರ್ಷ ಕೈ ಹಿಡಿದವರಿಗೆಲ್ಲ ಶರಣು

ಸ್ನಾತಕೋತ್ತರ ಕೊನೆಯ ಸೆಮಿಸ್ಟರಿನ ಪರೀಕ್ಷೆಗಳು ಮುಗಿದವು. ಕಲಬುರಗಿಯ ನಮ್ಮ ವಿದ್ಯಾರ್ಥಿ ನೆರವಿನ ಮೇಜಿಗೆ ಬಂದವರಲ್ಲಿ ಕಾಗದಪತ್ರದ ತೊಡಕಿಗೋ, ಬರೆದುಕೊಡುವವರು ಸಿಗದ್ದಕ್ಕೋ ಪರೀಕ್ಷೆ ತಪ್ಪಿಸಿಕೊಂಡವರು ಈ ಸಲ ಯಾರೂ ಇಲ್ಲ. ಇದು ಮೇಜಿನ ಹಿಂದೆ ಕೂತವರಿಂದಷ್ಟೇ ಆದ ಕೆಲಸವಲ್ಲ. ಹೆಸರು ಹಾಕಬೇಡಿ ಎಂದು ಬಹಳ ಮಂದಿ ಕೇಳಿಕೊಂಡಿದ್ದಾರೆ. ಹಾಗಾಗಿ ಅವರು ಮಾಡಿದ ಕೆಲಸವನ್ನೇ ಬಿಡಿಸಿ ಹೇಳುತ್ತೇವೆ. ಮುಂದಿನ ವರ್ಷ ಈ ಮೇಜಿಗೆ ಬರುವವರಿಗೂ ಅದು ಉಪಯೋಗಕ್ಕೆ ಬರಲಿ.

ಮೊದಲ ಶರಣು ವಿದ್ಯಾರ್ಥಿವೇತನ ವಿಭಾಗದ ಅಕ್ಕಾರಿಗೆ. ರಾಜ್ಯ ವಿದ್ಯಾರ್ಥಿವೇತನದ ಜಾಲತಾಣ ಎಸ್‌ಎಸ್‌ಪಿಯಲ್ಲಿ ಅರ್ಜಿ ಮಂಜೂರಾಗಿದೆ ಎಂದು ತೋರಿಸುತ್ತದೆ, ಖಾತೆಗೆ ಮಾತ್ರ ದುಡ್ಡು ಬಂದಿರುವುದಿಲ್ಲ. ಬ್ಯಾಂಕಿನಲ್ಲಿ ಕೇಳಿದರೆ ಆಧಾರ್ ಲಿಂಕ್ ಆಗಿದೆ ಎನ್ನುತ್ತಾರೆ. ಎಡವಟ್ಟು ಆಗುವುದು ಇಲ್ಲೇ. ಖಾತೆಗೆ ಆಧಾರ್ ಸಂಖ್ಯೆ ಜೋಡಿಸುವುದು ಬೇರೆ, ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಆ ಖಾತೆಯನ್ನು ಸೀಡ್ ಮಾಡಿಸುವುದು, ಅಂದರೆ ಸರ್ಕಾರದ ದುಡ್ಡು ಬರಬೇಕಾದ ಖಾತೆ ಇದೇ ಎಂದು ದಾಖಲಿಸುವುದು ಬೇರೆ. ಸರ್ಕಾರದ ದುಡ್ಡು ಕೊನೆಗೆ ಸೀಡ್ ಆದ ಖಾತೆಗೇ ಹೋಗುತ್ತದೆ. ಊರಲ್ಲಿ ಎಂದೋ ತೆರೆದು ಮರೆತ ಜನಧನ ಖಾತೆ ಅದಾಗಿದ್ದು, ವ್ಯವಹಾರವಿಲ್ಲದೆ ಸ್ಥಗಿತಗೊಂಡಿದ್ದರೆ ಹಣ ವಾಪಸಾಗಲೂಬಹುದು. ಅಕ್ಕಾರು ಪ್ರತಿಯೊಬ್ಬರನ್ನೂ ಪಕ್ಕಕ್ಕೆ ಕೂರಿಸಿಕೊಂಡು, ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ತೆರೆದು, ಯಾವ ಬ್ಯಾಂಕಿನ ಹೆಸರು ಬರುತ್ತದೆ ಎಂದು ಮೊದಲು ನೋಡಿಸಿದರು. ಬೇರೆ ಬ್ಯಾಂಕಿದ್ದರೆ ಈಗಿನ ಶಾಖೆಗೆ ಒಪ್ಪಿಗೆ ಪತ್ರ ಬರೆಸಿ ಕಳಿಸಿದರು. ಅರ್ಜಿ ಹಾಕುವ ಮುಂಚೆಯೇ ಇಷ್ಟು ನೋಡಿಕೊಂಡರೆ ಅರ್ಧ ಅಲೆದಾಟ ಉಳಿಯುತ್ತದೆ. ಇನ್ನರ್ಧ ಹೆಸರಿನ ಗೊಂದಲದ್ದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರಿನಲ್ಲಿ ಅಪ್ಪನ ಪೂರ್ತಿ ಹೆಸರು, ಜಾತಿ ಪ್ರಮಾಣಪತ್ರದಲ್ಲಿ ಅಡ್ಡಹೆಸರು. ತಿದ್ದಿಸುವುದಾದರೆ ಅಂಕಪಟ್ಟಿಯಲ್ಲಿ ಇದ್ದಂತೆಯೇ ಆಧಾರನ್ನು ತಿದ್ದಿಸಬೇಕು. ಅದನ್ನು ತಿರುಗುಮುರುಗು ಮಾಡಹೊರಟರೆ ವರ್ಷವೇ ಹೋಗುತ್ತದೆ.

ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದ ಸ್ಥಳೀಯರೆಂದು ತೋರಿಸುವ ಪ್ರಮಾಣಪತ್ರದ ವಿಷಯದಲ್ಲಿ ನಮ್ಮ ತಾಂಡಾಗಳ ಮಕ್ಕಳು ಪಡುವ ಪಾಡು ಹೊರಗಿನವರಿಗೆ ಸುಲಭಕ್ಕೆ ತಿಳಿಯುವುದಿಲ್ಲ. ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ 70 ಸೀಟು ಮೀಸಲಿದೆ ನಿಜ. ಆದರೆ ಅಪ್ಪ ಅವ್ವ ಪುಣೆಗೋ ಮುಂಬೈಗೋ ದುಡಿಯಲು ಹೋದಾಗ ಮಗುವೂ ಎರಡು ಮೂರು ವರ್ಷ ಅಲ್ಲೇ ಶಾಲೆ ಕಲಿತಿದ್ದರೆ, ಸಹಾಯಕ ಆಯುಕ್ತರ ಕಚೇರಿಗೆ ಕೊಡಬೇಕಾದ ದಾಖಲೆಗಳ ಸಾಲು ನಡುವೆ ತುಂಡಾಗಿರುತ್ತದೆ. ಹಳೆಯ ಹಾಜರಿ ಪುಸ್ತಕ ತೆಗೆದು ವ್ಯಾಸಂಗ ಪ್ರಮಾಣಪತ್ರ ಬರೆದುಕೊಟ್ಟ ಸೇಡಂ, ಚಿಂಚೋಳಿ, ಯಾದಗಿರಿ ಕಡೆಯ ಮುಖ್ಯ ಗುರುಗಳಿಗೆ, ರಜೆಯಲ್ಲೂ ಶಾಲೆಯ ಬೀಗ ತೆಗೆದವರಿಗೆ, ನಮ್ಮ ಕೈ ಮುಗಿದೇ ಇದೆ.

ಸ್ಕ್ರೈಬ್ ಆಗಿ, ಅಂದರೆ ಸ್ವತಃ ಬರೆಯಲಾಗದ ಅಂಗವಿಕಲ ವಿದ್ಯಾರ್ಥಿಗಳು ಹೇಳಿದ್ದನ್ನು ಪರೀಕ್ಷೆಯಲ್ಲಿ ಬರೆದುಕೊಡಲು ಬಂದ ಪದವಿ ಕಾಲೇಜಿನ ತಮ್ಮಂದಿರು, ತಂಗಿಯರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ನಿಯಮದ ಪ್ರಕಾರ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ, ಅಂದರೆ ಮೂರು ಗಂಟೆಯ ಪತ್ರಿಕೆಗೆ ಇನ್ನೊಂದು ಗಂಟೆ ಸಿಗಬೇಕು. ಈ ಸಮಯ ಹಾಳಾಗುವುದು ಬರೆಯುವವರ ನಿಧಾನಕ್ಕಲ್ಲ, ಇಬ್ಬರಿಗೂ ಒಬ್ಬರಿಗೊಬ್ಬರ ರೂಢಿ ಇಲ್ಲದ್ದಕ್ಕೆ. ಅದಕ್ಕೇ ಪರೀಕ್ಷೆಗೆ ಮುಂಚೆಯೇ ಇಬ್ಬರನ್ನೂ ಕೂರಿಸಿ ಒಂದು ಹಳೆಯ ಪ್ರಶ್ನೆಪತ್ರಿಕೆ ಬರೆಸಿದೆವು. ಪ್ರಶ್ನೆಯನ್ನು ಎರಡು ಸಲ ಓದುವುದು, ಹೊಸ ಪ್ಯಾರಾ ಎಲ್ಲಿ ಎಂದು ಬಾಯಿಬಿಟ್ಟು ಹೇಳುವುದು, ಪುಟ ತಿರುಗಿಸುವ ಮುಂಚೆ ಕೊನೆಯ ಸಾಲನ್ನು ತಿರುಗಿ ಓದಿ ಹೇಳುವುದು ರೂಢಿಯಾಯಿತು. ಕನ್ನಡ ಎಂ.ಎ. ಹಳಗನ್ನಡ ಪತ್ರಿಕೆಗೆ ವಿಜ್ಞಾನದ ಹುಡುಗಿಯೊಬ್ಬಳು ಒಪ್ಪಿದ್ದಳು. ಱ, ೞ ಅಕ್ಷರಗಳನ್ನು ಅವಳು ಹಿಂದೆಂದೂ ಬರೆದಿರಲಿಲ್ಲ. ಅಂಧ ವಿದ್ಯಾರ್ಥಿಯೇ ಅವಳ ಅಂಗೈಯಲ್ಲಿ ಬೆರಳಿನಿಂದ ಆ ಎರಡೂ ಅಕ್ಷರ ಬಿಡಿಸಿ ಕಲಿಸಿದರು. ತಂಗೀ, ನಿನ್ನ ಸ್ವಂತ ಪರೀಕ್ಷೆ ಎದುರಿಗಿದ್ದಾಗಲೂ ಬಂದಿ, ನಿನಗೆ ಒಳ್ಳೆಯದಾಗಲಿ. ಪ್ರತ್ಯೇಕ ಕೋಣೆ ಕೊಟ್ಟ ಪರೀಕ್ಷಾ ವಿಭಾಗದ ಅಣ್ಣಾರಿಗೂ ಶರಣು. ಗಟ್ಟಿಯಾಗಿ ಹೇಳಿ ಬರೆಸಲು ಆಗದಿದ್ದರೆ ಹೆಚ್ಚಿನ ಸಮಯ ಸಿಕ್ಕೂ ಫಲವಿಲ್ಲ.

ಗ್ರಂಥಾಲಯದವರು ಮಾಡಿದ್ದು ಕಣ್ಣಿಗೆ ಬೀಳದ ಕೆಲಸ. ವಿಭಾಗಗಳ ಹಳೆಯ ಟಿಪ್ಪಣಿಗಳೆಲ್ಲ ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿದ್ದವು. ಪರದೆಯ ಮೇಲೆ ಅಚ್ಚ ಕನ್ನಡವೇ ಕಾಣುತ್ತದೆ, ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಅಂಧರಿಗೆ ಪರದೆಯನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಅದನ್ನು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿಯೇ ಓದುತ್ತದೆ. ಪರಿವರ್ತಕದಲ್ಲಿ ಹಾಕಿದರೆ ಬಹುಪಾಲು ಸರಿಯಾಗುತ್ತದಾದರೂ ಅರ್ಕಾವತ್ತು, ಒತ್ತಕ್ಷರಗಳು ಜಾಗ ತಪ್ಪುತ್ತವೆ. ಆಮೇಲೆ ಮನುಷ್ಯರೇ ಕೂತು ಸಾಲುಸಾಲು ತಿದ್ದಬೇಕು. ಅವರು ತಿದ್ದಿದರು. ಪುಸ್ತಕ ಸ್ಕ್ಯಾನ್ ಮಾಡಿದರೆ ಹಕ್ಕುಸ್ವಾಮ್ಯದ ತಕರಾರು ಬರುತ್ತದೆಂಬ ಅಂಜಿಕೆಯೂ ಮೊದಲಿಗೆ ಇತ್ತು. ಓದಲು ಬಾರದ ರೂಪದ ಪುಸ್ತಕವನ್ನು ಅಂಗವಿಕಲರಿಗಾಗಿ, ಲಾಭವಿಲ್ಲದೆ, ಓದಬಲ್ಲ ರೂಪಕ್ಕೆ ತರಲು ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯೇ ಅವಕಾಶ ಕೊಟ್ಟಿದೆ. ಕಾಯ್ದೆಯ ಆ ಭಾಗವನ್ನು ಮುದ್ರಿಸಿ ಕೌಂಟರಿನ ಹಿಂದೆ ಅಂಟಿಸಿದ ಹಿರಿಯರಿಗೆ ವಿಶೇಷ ವಂದನೆ.

ಸಂಶೋಧನಾ ವಿದ್ಯಾರ್ಥಿನಿಯರ ಪರವಾಗಿ ಒಂದು ಮಾತು. ಪಿಎಚ್‌.ಡಿ. ಅವಧಿಯೊಳಗೆ 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನಾ ರಜೆ ಇದೆ. ಆರು ವರ್ಷದ ಗಡುವು ಮೀರಿದರೆ ಮಹಿಳೆಯರಿಗೆ, ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಇನ್ನೆರಡು ವರ್ಷದ ಹೆಚ್ಚುವರಿ ಸಡಿಲಿಕೆಯೂ ಯುಜಿಸಿಯ 2022ರ ನಿಯಮದಲ್ಲೇ ಇದೆ. ಇದು ಯಾರ ಉಪಕಾರವೂ ಅಲ್ಲ, ಹಕ್ಕು. ಅರ್ಜಿ ಸ್ವೀಕೃತಿಯ ಮೊಹರು ಇಲ್ಲದೆ ಯಾರೂ ರಜೆ ಮೇಲೆ ಹೋಗಬೇಡಿ. ಬಾಯಿಮಾತಿನ ಒಪ್ಪಿಗೆ, ಮಾರ್ಗದರ್ಶಕರು ಬದಲಾದ ದಿನವೇ ಇಲ್ಲವಾಗುತ್ತದೆ. ಈ ಮಾತನ್ನು ವಿಭಾಗ ವಿಭಾಗಕ್ಕೆ ಹೋಗಿ ತಿಳಿಹೇಳಿದ ಇಬ್ಬರು ಮೇಡಂ ಅವರಿಗೆ ನಾವು ಋಣಿ.

ರಂಜಾನ್ ತಿಂಗಳಲ್ಲಿ ನಸುಕಿನ ನಾಲ್ಕೂವರೆಗೆಲ್ಲ ಬಿಸಿ ರೊಟ್ಟಿ, ಬೇಳೆ ಪಲ್ಯ ಇಳಿಸಿಟ್ಟ ಮೆಸ್ಸಿನ ಅಕ್ಕಂದಿರಿಗೆ, ಬೀದರ್ ಕಡೆಯಿಂದ ಉರ್ದು, ಮರಾಠಿ ಮಾಧ್ಯಮದಲ್ಲಿ ಕಲಿತು ಬಂದವರಿಗೆ ಸಂಶೋಧನಾ ವಿಧಾನದ ಪಾಠವನ್ನು ಸಂಜೆ ಮತ್ತೆ ಬಿಡಿಸಿ ಹೇಳಿದ ಹಿರಿಯ ವಿದ್ಯಾರ್ಥಿಗಳಿಗೆ ಶರಣು.

ಕೊನೆಯದು ಹಳೆಯ ಕಟ್ಟಡದ ಮೆಟ್ಟಿಲಿನ ವಿಷಯ. ಗಾಲಿಕುರ್ಚಿಯಲ್ಲಿ ಬರುವವರ ತರಗತಿಗಳನ್ನೆಲ್ಲ ವೇಳಾಪಟ್ಟಿ ಬದಲಿಸಿ ನೆಲಮಹಡಿಗೆ ತಂದ ವಿಭಾಗ ಮುಖ್ಯಸ್ಥರಿಗೆ ವಂದನೆ. ಮುಂದಿನ ಬಾಗಿಲಿಗೆ ಈಗ ಇರುವ ಇಳಿಜಾರು ಬಹಳ ಕಡಿದು, ಹಿಂದಿನಿಂದ ಒಬ್ಬರು ತಳ್ಳದೆ ಏರಲಾಗುವುದಿಲ್ಲ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಅಲ್ಲಿಯ ಕಟ್ಟೆ ಎರಡು ಅಡಿ ಇರುವುದರಿಂದ ಇಪ್ಪತ್ನಾಲ್ಕು ಅಡಿ, ಜೊತೆಗೆ ತಿರುಗಲು ಮೇಲೂ ಕೆಳಗೂ ಸಮತಟ್ಟು ಜಾಗ, ಎರಡೂ ಕಡೆ ಹಿಡಿಕೆ. ಎಂಜಿನಿಯರ್ ಸಾಹೇಬರು ಅಳತೆ ತೆಗೆದು ಅಂದಾಜು ಪಟ್ಟಿ ಸಲ್ಲಿಸಿದ್ದಾರೆ. ಅದಕ್ಕೆ ಸಹಿ ಬಿದ್ದು ಹೊಸ ಬ್ಯಾಚು ಬರುವುದರೊಳಗೆ ಕೆಲಸ ಮುಗಿಯಬೇಕೆಂದು, ಇದುವರೆಗೆ ನಮ್ಮೊಡನೆ ನಿಂತವರೆಲ್ಲ ಇನ್ನೊಮ್ಮೆ ಕೇಳಬೇಕಾಗಿದೆ.