ಡಾವೋಸ್‌ನಿಂದ ಅಪ್ಪನಿಗೆ: ಇಲ್ಲಿನ ಹಿಮ, ಹಿಮಕುಸಿತದ ಭಯ

ಡಾವೋಸ್, ಸ್ವಿಟ್ಜರ್ಲೆಂಡ್
ಮಕರ ಸಂಕ್ರಮಣದ ಮರುದಿನ

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ಶಿರಸಾ ನಮಸ್ಕಾರಗಳು. ನಾವಿಬ್ಬರೂ ಇಲ್ಲಿ ಕ್ಷೇಮವಾಗಿದ್ದೇವೆ. ಅಲ್ಲಿ ನಿಮ್ಮೆಲ್ಲರ ಕ್ಷೇಮ ಸಮಾಚಾರಕ್ಕೆ ಪತ್ರ ಬರೆಯುತ್ತಿರಬೇಕು.

ಆಲ್ಪ್ಸ್‌ನಲ್ಲಿ ಹಿಮ ಕುಸಿದ ಸುದ್ದಿಯನ್ನು ಟಿ.ವಿ.ಯಲ್ಲಿ ಕಂಡಂದಿನಿಂದ ನಿಮಗೆ ಸರಿಯಾಗಿ ನಿದ್ದೆಯಿಲ್ಲವೆಂದು ಅಮ್ಮ ಫೋನಿನಲ್ಲಿ ಹೇಳಿದಳು. ಆ ಭಯದ ಮೂಲ ನನಗೆ ಗೊತ್ತು. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಬಿದ್ದು ಹತ್ತು ಮಂದಿ ಯೋಧರು ಹೂತುಹೋದಾಗ, ನಮ್ಮ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ಮೇಲೆ ಜೀವಂತವಾಗಿ ಸಿಕ್ಕಿದರು. ಊರೂರಿನ ಗುಡಿಗಳಲ್ಲಿ ಜನ ಅವರಿಗಾಗಿ ಹರಕೆ ಹೊತ್ತರು. ಆದರೂ 11ನೇ ತಾರೀಖು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಹಿಮವನ್ನೇ ಕಾಣದ ನಮ್ಮ ಎರೆಭೂಮಿಯವರಿಗೆ ಹಿಮವೆಂದರೆ ಅಂದಿನಿಂದ ಆ ದುಃಖವೇ. ಆದ್ದರಿಂದ ಇಲ್ಲಿನ ಸ್ಥಿತಿಯನ್ನು ವಿವರವಾಗಿ ಬರೆಯುತ್ತಿದ್ದೇನೆ. ಮುಂದಿನ ತಿಂಗಳು ಬರಲಿರುವ ತಮ್ಮನೂ ಇದನ್ನು ಓದಲಿ. ಗುರುತು ಹಾಕಿದ ದಾರಿ ಬಿಟ್ಟು ಮೇಲಿನ ಇಳಿಜಾರುಗಳಲ್ಲಿ ತಿರುಗಬೇಕೆಂದು ಅವನು ನನಗೆ ಬರೆದಿದ್ದಾನೆ.

ಮೊದಲು ಮನೆಯ ಮಾತು. ಇಲ್ಲಿ ಎಲ್ಲಿ ಕಟ್ಟಬಹುದು, ಎಲ್ಲಿ ಕಟ್ಟಬಾರದು ಎಂಬುದನ್ನು ಹಿಮಕುಸಿತದ ಅಪಾಯದ ನಕ್ಷೆ ನೋಡಿ ತೀರ್ಮಾನಿಸುತ್ತಾರೆ. ನಕ್ಷೆಯ ಕೆಂಪು ವಲಯದಲ್ಲಿ ಹೊಸ ಮನೆಗೆ ಅನುಮತಿಯೇ ಇಲ್ಲ, ನೀಲಿ ವಲಯದಲ್ಲಿ ಗೋಡೆ ಬಲಪಡಿಸಿ ಕಟ್ಟಬೇಕು. ನಮ್ಮ ಮನೆ ಇವೆರಡರ ಹೊರಗಿದೆ. ಊರಿನ ಮೇಲಿನ ಇಳಿಜಾರುಗಳಲ್ಲಿ ಹಿಮವನ್ನು ಅದು ಬಿದ್ದಲ್ಲಿಯೇ ಹಿಡಿದು ನಿಲ್ಲಿಸುವ ಉಕ್ಕಿನ ಬೇಲಿಗಳು ಸಾಲುಸಾಲಾಗಿವೆ. ಕಾಡನ್ನೂ ಇವರು ಇದೇ ಕಾರಣಕ್ಕೆ ಕಾಯುತ್ತಾರೆ. ಆಂಡರ್‌ಮ್ಯಾಟ್ ಎಂಬ ಊರಿನವರು ತಮ್ಮ ತಲೆಯ ಮೇಲಿನ ಕಾಡಿನಲ್ಲಿ ಮರ ಕಡಿಯಬಾರದೆಂದು 1397ರಲ್ಲಿಯೇ ಶಾಸನ ಮಾಡಿಕೊಂಡಿದ್ದರು. ಡಾವೋಸ್‌ಗೆ ಸೇರಿದ ಫ್ರೌವೆನ್‌ಕಿರ್ಖ್‌ನ ಹಳೆಯ ಚರ್ಚಿನ ಬೆಟ್ಟದ ಕಡೆಯ ಗೋಡೆಯನ್ನು ಹಡಗಿನ ಮೂತಿಯಂತೆ ಚೂಪಾಗಿ ಕಟ್ಟಿದ್ದಾರೆ. ಮೇಲಿನಿಂದ ಹಿಮ ನುಗ್ಗಿ ಬಂದರೆ ಅಲ್ಲಿ ಸೀಳಿ ಎರಡೂ ಪಕ್ಕಕ್ಕೆ ಹರಿಯಲಿ ಎಂದು. 1950-51ರ ಚಳಿಗಾಲದಲ್ಲಿ ಈ ದೇಶದಲ್ಲಿ 98 ಜನ ಹಿಮಕುಸಿತಗಳಲ್ಲಿ ಸತ್ತರು. 1999ರ ಫೆಬ್ರವರಿಯಲ್ಲಿ ಕೆಲವೆಡೆ ಸುಮಾರು ಒಂದು ತಿಂಗಳಿನಲ್ಲಿ ಐದು ಮೀಟರಿಗೂ ಹೆಚ್ಚು ಹಿಮ ಸುರಿದಾಗ ಮನೆಗಳಲ್ಲಿ, ರಸ್ತೆಗಳಲ್ಲಿ ಸತ್ತವರು 17 ಮಂದಿ. ಹದಿನೇಳು ಜೀವವೂ ಸಣ್ಣ ಲೆಕ್ಕವಲ್ಲ. ಆದರೆ ಈ ಎರಡು ಸಂಖ್ಯೆಗಳ ನಡುವೆ ಐವತ್ತು ವರ್ಷಗಳ ದುಡಿಮೆಯಿದೆ, ಅದರ ಫಲವನ್ನು ನಾವು ದಿನವೂ ಉಣ್ಣುತ್ತಿದ್ದೇವೆ. ಕಳೆದ ವಾರ ಫೋನಿನಲ್ಲಿ ನಿಮಗೆ ಕೇಳಿಸಿದ ಗುಡುಗಿನಂಥ ಸದ್ದು ಕೂಡ ಈ ಕಾವಲಿನದೇ: ಬೆಳಗಿನ ಹೊತ್ತು ದಾರಿಗಳನ್ನು ಮುಚ್ಚಿ, ಸಿಡಿಮದ್ದು ಹಾಕಿ, ಹಿಮವನ್ನು ತಾವೇ ಬೀಳಿಸುತ್ತಾರೆ.

ಊರಿನ ಮೇಲಿರುವ ವೈಸ್‌ಫ್ಲೂಯೋಖ್ ಎಂಬಲ್ಲಿ, ಸುಮಾರು 2,540 ಮೀಟರ್ ಎತ್ತರದಲ್ಲಿ, 1936ರಿಂದ ಹಿಮವನ್ನು ಅಳೆಯುತ್ತ ಬಂದಿದ್ದಾರೆ. ಅಲ್ಲಿಂದಲೇ ಬೆಳೆದ ಹಿಮ ಮತ್ತು ಹಿಮಕುಸಿತ ಸಂಶೋಧನಾ ಸಂಸ್ಥೆ ಚಳಿಗಾಲವಿಡೀ ಪ್ರತಿ ಸಂಜೆ ಐದಕ್ಕೆ ದೇಶಕ್ಕೆಲ್ಲ ಅಪಾಯದ ಮುನ್ಸೂಚನೆ ಕೊಡುತ್ತದೆ, ಬೆಳಿಗ್ಗೆ ಎಂಟಕ್ಕೆ ಅದನ್ನು ತಿದ್ದುತ್ತದೆ. ನಾನು ಅದನ್ನು ಓದತೊಡಗಿದ ಮೇಲೆ ಹಿಮದ ಬಗೆಗಿನ ನನ್ನ ತಿಳಿವಳಿಕೆಯೇ ಬದಲಾಯಿತು. ಹಿಮ ಹೆಚ್ಚು ಬಿದ್ದಷ್ಟೂ ಅಪಾಯ ಹೆಚ್ಚು ಎಂದು ನಾವೆಲ್ಲ ಎಣಿಸುತ್ತೇವೆ. ಅದು ಅರ್ಧ ಸತ್ಯ ಮಾತ್ರ. ಈ ವರ್ಷದಂತೆ ಡಿಸೆಂಬರಿನಲ್ಲಿ ತೆಳುವಾಗಿ ಹಿಮ ಬಿದ್ದು, ಬಳಿಕ ಮೋಡವಿಲ್ಲದ, ಕೊರೆಯುವ ಚಳಿಯ ರಾತ್ರಿಗಳು ಸಾಲಾಗಿ ಬಂದರೆ ಕೇಡು ಅಲ್ಲಿಂದಲೇ ಆರಂಭ. ಹಿಮದಡಿಯ ನೆಲ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಹಿಮದ ಮೇಲ್ಮೈ ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಈ ಅಂತರದಿಂದ ಆವಿ ಮೇಲೇರುತ್ತ ಹಿಮದ ಕಣಗಳನ್ನು ಒಂದಕ್ಕೊಂದು ಅಂಟದ ಒರಟು ಹರಳುಗಳನ್ನಾಗಿ ಮಾಡಿಬಿಡುತ್ತದೆ. ಆಮೇಲೆ ಹೊಸ ಹಿಮ ಬಿದ್ದು, ಗಾಳಿ ಅದನ್ನು ಹೊತ್ತು ತಂದು ಒತ್ತಿ ಗಟ್ಟಿ ಮಾಡಿದರೆ, ಓರೆಯಾದ ನೆಲದ ಮೇಲೆ ಜೋಳದ ಕಾಳು ಹರಡಿ ಅದರ ಮೇಲೆ ದೊಡ್ಡ ಹಲಗೆ ಇಟ್ಟಂತಾಗುತ್ತದೆ. ಮೂವತ್ತು ಡಿಗ್ರಿಗಿಂತ ಕಡಿದಾದ ಇಳಿಜಾರಿನಲ್ಲಿ ಒಬ್ಬನೇ ಮನುಷ್ಯನ ಭಾರ ಸಾಕು: ಕೆಳಗಿನ ಪದರ ಕುಸಿದು, ಬಿರುಕು ಕ್ಷಣಾರ್ಧದಲ್ಲಿ ಇಳಿಜಾರಿನ ಉದ್ದಗಲಕ್ಕೂ ಓಡಿ, ಇಡೀ ಹಲಗೆ ಜಾರಿ ಬರುತ್ತದೆ. ಹಿಮಕುಸಿತಕ್ಕೆ ಸಿಕ್ಕವರಲ್ಲಿ ಬಹುಪಾಲು ಜನರ ಮೇಲೆ ಬಿದ್ದದ್ದು ಅವರೋ ಅವರ ಜೊತೆಯವರೋ ತುಳಿದು ಸಡಿಲಿಸಿದ ಹಿಮವೇ. ಈ ಮಾತನ್ನು ನನ್ನ ತಮ್ಮ ಎರಡು ಸಲ ಓದಬೇಕು.

ಮುನ್ಸೂಚನೆಯಲ್ಲಿ ಐದು ಹಂತಗಳಿವೆ. ನಾಲ್ಕು ಮತ್ತು ಐದು ಬಂದಾಗ ಹೆಚ್ಚಿನವರಿಗೆ ಹೇಳಬೇಕಾಗಿಲ್ಲ, ಅವರು ಆ ಇಳಿಜಾರುಗಳತ್ತ ಹೋಗುವುದಿಲ್ಲ. ಮೂರನೆಯ ಹಂತ, ನಕ್ಷೆಯಲ್ಲಿ ಕಿತ್ತಳೆ ಬಣ್ಣದ್ದು, ಚಳಿಗಾಲದ ಸುಮಾರು ಮೂರನೇ ಒಂದು ಭಾಗದ ದಿನಗಳಲ್ಲಿ ಇರುತ್ತದೆ. ಆದರೆ ಸಾವುಗಳಲ್ಲಿ ಹೆಚ್ಚುಕಡಿಮೆ ಅರ್ಧ ನಡೆಯುವುದು ಆಗಲೇ. ಐದರಲ್ಲಿ ಮೂರು ಎಂದರೆ ನಡುವಿನದು, ಪರವಾಗಿಲ್ಲ ಎಂದು ಜನ ಭಾವಿಸುತ್ತಾರೆ. ಅದು ಶಾಲೆಯ ಅಂಕಗಳಂತೆ ಸಮನಾಗಿ ಏರುವ ಲೆಕ್ಕವಲ್ಲ. ಒಂದೊಂದು ಹಂತಕ್ಕೂ ಅಪಾಯ ಹಿಂದಿನದಕ್ಕಿಂತ ಎಷ್ಟೋ ಪಾಲು ಹೆಚ್ಚುತ್ತದೆ. ಆಕಾಶ ನಿರ್ಮಲವಾಗಿ, ಹೊಸ ಹಿಮ ಬಿಸಿಲಿಗೆ ಹೊಳೆಯುತ್ತಿರುವ ಇಂಥ ದಿನಗಳೇ ಹುಡುಗರನ್ನು ಮೇಲಕ್ಕೆ ಸೆಳೆಯುವುದು. ಈ ವಾರ ನಮ್ಮಲ್ಲಿ ಇರುವುದೂ ಮೂರನೆಯ ಹಂತವೇ. ವಾಯವ್ಯದ ಗಾಳಿ ಸಂಕ್ರಮಣಕ್ಕೆ ಮೊದಲೇ ಹೊಸ ಹಿಮವನ್ನು ಆಗ್ನೇಯಕ್ಕೆ ಮುಖ ಮಾಡಿದ ಎತ್ತರದ ಇಳಿಜಾರುಗಳಲ್ಲಿ ದಟ್ಟವಾಗಿ ಪೇರಿಸಿದೆ.

ಮೇಲೆ ಹೋಗುವವರು 457 ಕಿಲೋಹರ್ಟ್ಸ್‌ನಲ್ಲಿ ಸಂಕೇತ ಕಳಿಸುವ ಯಂತ್ರವನ್ನು ಎದೆಗೆ ಕಟ್ಟಿಕೊಳ್ಳುತ್ತಾರೆ, ಸಲಿಕೆಯನ್ನೂ ಹುಡುಕು ಕೋಲನ್ನೂ ಒಯ್ಯುತ್ತಾರೆ. ಹೂತವರನ್ನು ಮೊದಲ ಹತ್ತು ನಿಮಿಷಗಳಲ್ಲಿ ತೆಗೆದರೆ ಬಹಳಷ್ಟು ಮಂದಿ ಬದುಕುತ್ತಾರೆ, ಅರ್ಧ ಗಂಟೆಯಾದರೆ ಬದುಕುವವರು ಕೆಲವರೇ. ಹೆಲಿಕಾಪ್ಟರ್ ಬರುವವರೆಗೆ ಕಾಯುವಂತಿಲ್ಲ, ಜೊತೆಗಿದ್ದವರೇ ಅಗೆಯಬೇಕು. ಹನುಮಂತಪ್ಪನವರು ಆರು ದಿನ ಉಸಿರು ಹಿಡಿದಿದ್ದರಲ್ಲ ಎಂದು ತಮ್ಮ ವಾದಿಸಬಹುದು. ಅದು ಜಗತ್ತೇ ಬೆರಗಾದ ಅಪವಾದ, ಅದನ್ನು ನಂಬಿ ಯಾರೂ ಹಿಮದ ಮೇಲೆ ಕಾಲಿಡಬಾರದು.

ಹಾಗೆಂದು ಅವನು ಬರುವುದೇ ಬೇಡವೆಂದು ನಾನು ಹೇಳುವುದಿಲ್ಲ. ಸರ್ಟಿಗ್ ಕಣಿವೆಯಲ್ಲಿ ತೆರೆದಿರುವ ನಡಿಗೆಯ ದಾರಿಯಲ್ಲಿ ಹೋಗಬಹುದು, ಡಾವೋಸ್ ಕೆರೆಯ ಸುತ್ತ ತಿರುಗಬಹುದು. ಪಾರ್ಸೆನ್ ಎಂಬ ಸ್ಕೀ ತಾಣದಲ್ಲಿ ಸಿಬ್ಬಂದಿ ಪರೀಕ್ಷಿಸಿ ತೆರೆದಿಟ್ಟ ಜಾರುದಾರಿಗಳಲ್ಲಿ ಸ್ಕೀಯಿಂಗ್ ಕಲಿಯಬಹುದು. ಹಗ್ಗ ಕಟ್ಟಿದ ಗಡಿಯನ್ನು ದಾಟಬಾರದು, ಅಷ್ಟೇ. ಪ್ರತಿ ಸಂಜೆ ಐದರ ಮುನ್ಸೂಚನೆಯನ್ನು ನನ್ನೊಂದಿಗೆ ಕೂತು ಓದಬೇಕು. ಇದಕ್ಕೆ ಒಪ್ಪಿಗೆಯೆಂದು ಅವನು ತನ್ನ ಕೈಯಾರೆ ಬರೆದು ಕಳಿಸಲಿ, ಆಮೇಲೆ ಜ್ಯೂರಿಚ್‌ನಿಂದ ಇಲ್ಲಿಗೆ ರೈಲಿನ ಟಿಕೆಟ್ ತೆಗೆಸುತ್ತೇನೆ. ಅಮ್ಮನಿಗೂ ಅಜ್ಜಿಗೂ ನನ್ನ ನಮಸ್ಕಾರಗಳನ್ನು ತಿಳಿಸಿ.

ಇಂತಿ ನಿಮ್ಮ ಆಶೀರ್ವಾದ ಬೇಡುವ
ಮಗಳು