ಎಸ್ಕಲೇಟರ್ ಮುಂದೆ ನಿಂತವರನ್ನು ನೋಡಿ ನಗಬೇಡಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಅಮ್ಮನನ್ನು ಬೆಂಗಳೂರಿನ ಒಂದು ಮಾಲ್‌ಗೆ ಕರೆದುಕೊಂಡು ಹೋಗಿದ್ದೆ. ಅಮ್ಮನಿಗೆ 68 ವರ್ಷ, ಊರು ಅರಸೀಕೆರೆ ಕಡೆ. ತಲೆ ಮೇಲೆ ಹುಲ್ಲಿನ ಹೊರೆ ಹೊತ್ತುಕೊಂಡು ಹೊಲದ ಬದುವಿನ ಮೇಲೆ ಕಾಲು ಜಾರದೆ ನಡೆದವಳು. ಆದರೆ ಎಸ್ಕಲೇಟರ್ ಮುಂದೆ ಬಂದು ನಿಂತಾಗ ಅವಳ ಕಾಲು ಏಳಲಿಲ್ಲ. ಒಂದು ಸಲ ಕಾಲು ಮುಂದಿಟ್ಟಳು, ಹಿಂದಕ್ಕೆ ತೆಗೆದಳು, ಮತ್ತೆ ಇಟ್ಟಳು, ಮತ್ತೆ ತೆಗೆದಳು. ಒಂದು ಕೈಯಲ್ಲಿ ಸೀರೆ ನೆರಿಗೆ ಎತ್ತಿ ಹಿಡಿದಿದ್ದಳು, ಇನ್ನೊಂದು ಕೈಯಲ್ಲಿ ನನ್ನ ಕೈ. ಹಿಂದೆ ಜನ ಸೇರಿದರು. ಯಾರೋ "ಬೇಗ ಹೋಗ್ರೀ" ಅಂದರು. ಅಷ್ಟರಲ್ಲಿ ಕಿಸಕ್ ಅಂತ ನಗು ಕೇಳಿಸಿತು, ತಿರುಗಿ ನೋಡಿದರೆ ಇಬ್ಬರು ಹುಡುಗರು ಮೊಬೈಲ್ ಹಿಡಿದು ಅಮ್ಮನ ವಿಡಿಯೊ ಮಾಡುತ್ತಿದ್ದರು.

ಅಳಿಸಿ ಅಂತ ಹೇಳಿದೆ, ಅಳಿಸಿದರು. ಆದರೆ ಅಮ್ಮ ಆಮೇಲೆ ಮಾಲ್‌ನಲ್ಲಿ ಏನನ್ನೂ ನೋಡಲಿಲ್ಲ. "ನನ್ನಿಂದ ನಿನಗೆ ಅವಮಾನ ಆಯ್ತಲ್ಲ ಮಗಳೇ" ಅಂದಳು. ಆ ಮಾತು ಇನ್ನೂ ಎದೆಯಲ್ಲಿ ಚುಚ್ಚುತ್ತಿದೆ, ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಹಳ್ಳಿಯವರು ಎಸ್ಕಲೇಟರ್ ಹತ್ತಲು ಒದ್ದಾಡುವುದು ನಮ್ಮಲ್ಲಿ ಮೊದಲಿನಿಂದಲೂ ಒಂದು ತಮಾಷೆ. ಸಿನಿಮಾದಲ್ಲಿ ಊರಿಂದ ಬಂದ ಮಾವನೋ ಅತ್ತೆಯೋ ಎಸ್ಕಲೇಟರ್ ಮೇಲೆ ಎಡವಿ ಬೀಳಬೇಕು, ಥಿಯೇಟರ್ ಪೂರ್ತಿ ನಗಬೇಕು. ಅದೇ ಲಿಫ್ಟ್ ಕೆಟ್ಟು ನಿಂತರೆ ಒಳಗೆ ಹೀರೊ ಹೀರೋಯಿನ್‌ಗೆ ಪ್ರೀತಿ ಹುಟ್ಟುತ್ತದೆ! ಈಗ ರೀಲ್ಸ್ ಬಂದ ಮೇಲೆ ಇದು ಇನ್ನೂ ಜಾಸ್ತಿ ಆಗಿದೆ. ಸೀರೆ ಉಟ್ಟ ಹೆಂಗಸರು ಒಬ್ಬರ ಮೇಲೊಬ್ಬರು ಬೀಳುವ ವಿಡಿಯೊ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೂ ಬಂದಿತ್ತು, ಕೆಳಗೆ ನಗುವ ಮುಖಗಳ ಸಾಲು. ಬಿದ್ದವರಿಗೆ ಏಟಾಯಿತಾ ಅಂತ ಒಬ್ಬರೂ ಕೇಳಿರಲಿಲ್ಲ.

ಅಮ್ಮನ ಭಯದಲ್ಲಿ ದಡ್ಡತನ ಏನೂ ಇಲ್ಲ. ಎಸ್ಕಲೇಟರ್ ಸುಮಾರಾಗಿ ಸೆಕೆಂಡಿಗೆ ಅರ್ಧ ಮೀಟರ್ ಓಡುತ್ತದೆ. ಹತ್ತುವ ಜಾಗದಲ್ಲಿ ಎರಡು ಮೂರು ಮೆಟ್ಟಿಲು ಮಾತ್ರ ಚಪ್ಪಟೆಯಾಗಿ ಬರುತ್ತವೆ, ಆಮೇಲೆ ತಟ್ಟನೆ ಒಂದೊಂದೇ ಮೇಲೇಳಲು ಶುರು. ಒಂದು ಮೆಟ್ಟಿಲು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಅಂತ ಆ ಒಂದೆರಡು ಸೆಕೆಂಡಿನಲ್ಲಿ ಕಣ್ಣು ಗುರುತಿಸಬೇಕು, ಕಾಲು ಅದಕ್ಕೆ ಸರಿಯಾಗಿ ಏಳಬೇಕು, ಕೈ ಪಕ್ಕದ ರಬ್ಬರ್ ಪಟ್ಟಿಯನ್ನು ಹಿಡಿಯಬೇಕು. ಕಣ್ಣಿಗೆ ಪೊರೆ ಬಂದವರಿಗೆ, ದಪ್ಪ ಕನ್ನಡಕದವರಿಗೆ ಆ ಓಡುವ ಗೆರೆಗಳು ನೋಡಿದರೇ ತಲೆ ಸುತ್ತುತ್ತದೆ. ಸೀರೆ ಅಂಚು ಸಿಕ್ಕಿಕೊಂಡರೆ ಅನ್ನುವ ಹೆದರಿಕೆಯೂ ಸುಳ್ಳಲ್ಲ. ಮೆಟ್ಟಿಲು ಒಳಗೆ ಹೋಗುವ ಕಡೆ ಬಾಚಣಿಗೆ ಹಲ್ಲಿನಂಥ ತಟ್ಟೆ ಇರುತ್ತದಲ್ಲ, ಅಲ್ಲಿ ಬಟ್ಟೆ, ಮೆತ್ತನೆಯ ಚಪ್ಪಲಿ, ಬಿಚ್ಚಿದ ಶೂ ದಾರ ಸಿಕ್ಕಿಕೊಳ್ಳಬಹುದು.

ಇನ್ನೊಂದು ಮಾತು. ಎಸ್ಕಲೇಟರ್ ಮೊದಲು ಬಂದ ಕಾಲದಲ್ಲಿ ದೊಡ್ಡ ದೊಡ್ಡ ಊರಿನವರೂ ಹೀಗೇ ಹೆದರಿದ್ದರು. 1898ರಲ್ಲಿ ಲಂಡನ್‌ನ ಹ್ಯಾರಡ್ಸ್ ಅಂಗಡಿಯವರು ಓಡುವ ಏಣಿ ಹಾಕಿಸಿದರು, ಅದಕ್ಕೆ ಮೆಟ್ಟಿಲೂ ಇರಲಿಲ್ಲ, ಬರೀ ಚರ್ಮದ ಪಟ್ಟಿ. ಹತ್ತಿ ಬಂದು ಗಾಬರಿಯಾದ ಗಿರಾಕಿಗಳಿಗೆ ಮೇಲೆ ಬ್ರಾಂದಿ ಕೊಟ್ಟು ಸುಧಾರಿಸುತ್ತಿದ್ದರಂತೆ. ನಮ್ಮ ಬೆಂಗಳೂರಿನವರೇನು ಹುಟ್ಟುತ್ತಲೇ ಕಲಿತು ಬಂದವರೇ? 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೆಟ್ರೊ ಶುರುವಾದಾಗ ಸುಮ್ನೆ ನೋಡಿ ಬರೋಣ ಅಂತ ಮನೆಮಂದಿಯೆಲ್ಲ ಹೋಗಿದ್ದೆವು. ಅವತ್ತು ಎಸ್ಕಲೇಟರ್ ಬುಡದಲ್ಲಿ ನಾನೂ ಗಂಡನ ತೋಳು ಗಟ್ಟಿಯಾಗಿ ಹಿಡಿದಿದ್ದೆ. ಅವತ್ತು ಯಾರೂ ನನ್ನ ವಿಡಿಯೊ ಮಾಡಲಿಲ್ಲ.

ಹಾಗಾದರೆ ಲಿಫ್ಟ್‌ನಲ್ಲಿ ಹೋಗಬಹುದಿತ್ತಲ್ಲ ಅಂತ ನೀವು ಕೇಳಬಹುದು. ಆ ಮಾಲ್‌ನಲ್ಲಿ ಎಸ್ಕಲೇಟರ್ ಬಾಗಿಲ ಎದುರಿಗೇ ಇದೆ, ಲಿಫ್ಟ್ ಮಾತ್ರ ಹಿಂದಿನ ಮೂಲೆಯಲ್ಲಿ, ಬೋರ್ಡ್ ಕೂಡ ಬರೀ ಇಂಗ್ಲಿಷಿನಲ್ಲಿ. ಹುಡುಕಿಕೊಂಡು ಹೋದೆವು. ಒಳಗೆ ಎಂಟು ಜನ ತುಂಬಿಕೊಂಡಾಗ ಅಮ್ಮ ನನ್ನ ಕಿವಿಯಲ್ಲಿ "ಹಗ್ಗ ಕಿತ್ತು ಹೋದರೆ?" ಅಂತ ಕೇಳಿದಳು. ಉಕ್ಕಿನ ಹಗ್ಗ ಒಂದಲ್ಲ, ಹಲವು ಇರುತ್ತವೆ, ಲಿಫ್ಟ್ ಲೆಕ್ಕ ಮೀರಿ ವೇಗವಾಗಿ ಇಳಿದರೆ ಪಕ್ಕದ ಕಂಬಿಗಳನ್ನು ಕಚ್ಚಿ ಹಿಡಿಯುವ ಬ್ರೇಕ್ ಇರುತ್ತದೆ ಅಂತ ಹೇಳಿದೆ. 1854ರಲ್ಲಿ ನ್ಯೂಯಾರ್ಕ್‌ನಲ್ಲಿ ಲಿಫ್ಟ್ ಬೀಳದಂತೆ ತಡೆಯುವ ಬ್ರೇಕ್ ಕಂಡುಹಿಡಿದ ಎಲೈಷಾ ಓಟಿಸ್ ಅನ್ನುವವರು ಜನರ ಮುಂದೆ ತಾವೇ ಲಿಫ್ಟ್ ಹಲಗೆ ಮೇಲೆ ನಿಂತು, ಮೇಲಿನ ಹಗ್ಗ ಕತ್ತರಿಸಲು ಹೇಳಿ, ಬೀಳದೆ ನಿಂತು ತೋರಿಸಿದ ಕಥೆಯನ್ನೂ ಹೇಳಿದೆ. ಅಮ್ಮ ಅದನ್ನು ಎಷ್ಟು ಗಮನ ಕೊಟ್ಟು ಕೇಳಿದಳೆಂದರೆ, ಇಳಿಯುವಾಗ ತಾನೇ ಬಟನ್ ಒತ್ತಿದಳು. ಹೇಳಿಕೊಟ್ಟರೆ ಭಯ ಹೋಗುತ್ತದೆ, ಅಲ್ವಾ?

ನಮ್ಮ ರಾಜ್ಯದಲ್ಲಿ ಲಿಫ್ಟು, ಎಸ್ಕಲೇಟರ್‌ಗಳಿಗೆಂದೇ 2012ರ ಕಾಯ್ದೆ ಇದೆ. ಯಂತ್ರ ಸರಿಯಿದೆಯಾ ಅಂತ ನೋಡಲು ಇನ್‌ಸ್ಪೆಕ್ಟರ್ ಇದ್ದಾರೆ. ಹತ್ತುವ ಮನುಷ್ಯರಿಗೆ ಹೇಳಿಕೊಡಲು ಯಾರಿದ್ದಾರೆ? ಮಾಲ್, ರೈಲು ನಿಲ್ದಾಣ, ದೊಡ್ಡ ಆಸ್ಪತ್ರೆ, ಎಲ್ಲ ಕಡೆ ಬಾಗಿಲಲ್ಲಿ ಬ್ಯಾಗು ನೋಡಲು ನಾಲ್ಕು ಜನ ನಿಂತಿರುತ್ತಾರೆ. ಅವರಲ್ಲಿ ಒಬ್ಬರನ್ನು, ಸಾಧ್ಯವಾದರೆ ಹೆಂಗಸನ್ನೇ, ಜನ ಜಾಸ್ತಿ ಇರುವ ಹೊತ್ತಿನಲ್ಲಿ ಎಸ್ಕಲೇಟರ್ ಬುಡದಲ್ಲಿ ನಿಲ್ಲಿಸಿ. "ಹಳದಿ ಗೆರೆ ತುಳಿಯಬೇಡಿ ಅಮ್ಮಾ, ನಡುವೆ ಕಾಲಿಡಿ, ಪಟ್ಟಿ ಹಿಡಿದುಕೊಳ್ಳಿ, ನೆರಿಗೆ ಸ್ವಲ್ಪ ಎತ್ತಿಕೊಳ್ಳಿ" ಅಂತ ಕೈ ಹಿಡಿದು ಹತ್ತಿಸಲಿ. ಯಾರಾದರೂ ಬಿದ್ದರೆ ತಕ್ಷಣ ನಿಲ್ಲಿಸುವ ಕೆಂಪು ಬಟನ್ ಎಲ್ಲಿದೆ ಅಂತ ಆಕೆಗೆ ಗೊತ್ತಿರಲಿ. ಲಿಫ್ಟ್ ಎಲ್ಲಿದೆ ಅನ್ನುವ ಬೋರ್ಡನ್ನು ಎಸ್ಕಲೇಟರ್ ಪಕ್ಕದಲ್ಲೇ ದೊಡ್ಡದಾಗಿ ಕನ್ನಡದಲ್ಲಿ ಹಾಕಿ. ಹಾಗೇ ಎಷ್ಟೋ ಕಡೆ ಮೇಲೆ ಹೋಗಲು ಮಾತ್ರ ಎಸ್ಕಲೇಟರ್ ಇರುತ್ತದೆ, ಇಳಿಯಲು ಮಾಮೂಲಿ ಮೆಟ್ಟಿಲು. ಮಂಡಿನೋವಿದ್ದ ಎಷ್ಟೋ ಜನರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಇದನ್ನು ಕಟ್ಟುವವರು ಒಂದು ಸಲ ತಮ್ಮ ಮನೆಯ ಹಿರಿಯರನ್ನು ಕೇಳಿ ನೋಡಲಿ.

ಮೊಬೈಲ್ ಹಿಡಿಯುವ ಮಕ್ಕಳಲ್ಲಿ ನನ್ನದು ಇಷ್ಟೇ ಬೇಡಿಕೆ. ಮುಂದೆ ಯಾರಾದರೂ ಎಸ್ಕಲೇಟರ್ ಹತ್ತಲಾಗದೆ ನಿಂತಿದ್ದರೆ ಫೋನ್ ಜೇಬಿನಲ್ಲಿಡಿ, "ಬನ್ನಿ ಅಜ್ಜಿ, ನನ್ನ ಜೊತೆ ಹತ್ತಿ" ಅನ್ನಿ.

ದೀಪಾವಳಿ ಮುಗಿದ ಮೇಲೆ ಅಮ್ಮ ಮತ್ತೆ ಬರುತ್ತಾಳೆ. ಈ ಸಲ ಕಣ್ಣು ತೋರಿಸಲು ಚಿಕ್ಕಮ್ಮನೂ ಬರುತ್ತಿದ್ದಾಳೆ. ಆಸ್ಪತ್ರೆಗೆ ಮೆಟ್ರೊದಲ್ಲೇ ಹೋಗಬೇಕು, ಚಿಕ್ಕಮ್ಮನಿಗೆ ಇದು ಮೊದಲ ಸಲ.

ಇಂತಿ,
ನಿಮ್ಮ ಪತ್ರಿಕೆಯ ಓದುಗಾರ್ತಿ
ವಿಜಯನಗರ, ಬೆಂಗಳೂರು