ಬಿ.ಎಸ್ಸಿ.ಯಲ್ಲಿ ಕಂಪ್ಯೂಟರ್ ಸೈನ್ಸ್ ಇನ್ನೂ ಬಿಡಾರದಲ್ಲೇ ಇದೆ

ಮಾನ್ಯ ಸಂಪಾದಕರಿಗೆ,

ಮಗಳಿಗೆ ಬಿ.ಎಸ್ಸಿ.ಯಲ್ಲಿ ಕಂಪ್ಯೂಟರ್ ಸೈನ್ಸ್ ಕೊಡಿಸಬೇಕೋ ಬಿ.ಸಿ.ಎ.ಗೆ ಸೇರಿಸಬೇಕೋ ಎಂದು ಕೇಳಿಕೊಂಡು ಬರುವ ಪಾಲಕರಿಗೆ, ಪದವಿ ಕಾಲೇಜಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟ ನಾನು ನೇರ ಉತ್ತರ ಕೊಡಲಾರದೆ ತಡವರಿಸುತ್ತೇನೆ. ಕಂಪ್ಯೂಟರ್ ಸೈನ್ಸ್ ವಿಜ್ಞಾನವೋ, ಎಂಜಿನಿಯರಿಂಗೋ, ಬರೀ ಉದ್ಯೋಗದ ತರಬೇತಿಯೋ ಎಂಬುದನ್ನು ನಮ್ಮ ವಿಶ್ವವಿದ್ಯಾಲಯಗಳೇ ಇನ್ನೂ ನಿಶ್ಚಯಿಸಿಕೊಂಡಿಲ್ಲ.

ಈ ಅನುಮಾನ ಹಳೆಯದು. ಇಂಗ್ಲೆಂಡಿನ ಕೇಂಬ್ರಿಜ್ 1953ರಲ್ಲಿ ಆರಂಭಿಸಿದ ಕಂಪ್ಯೂಟಿಂಗ್ ಡಿಪ್ಲೊಮಾ ಬೇರೆ ವಿಷಯದಲ್ಲಿ ಆಗಲೇ ಪದವಿ ಪಡೆದವರಿಗಾಗಿತ್ತು. ಅಲ್ಲಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯ 1965ರಲ್ಲೇ ಕಂಪ್ಯೂಟರ್ ಸೈನ್ಸಿಗೆ ಪದವಿ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತಾದರೂ, ಅದೇ ವರ್ಷ ಪ್ರತ್ಯೇಕ ವಿಭಾಗ ತೆರೆದ ಅಮೆರಿಕದ ಸ್ಟ್ಯಾನ್‌ಫರ್ಡ್ ಪದವಿಯ ಮಟ್ಟದಲ್ಲಿ ಅದನ್ನು ಮುಖ್ಯ ವಿಷಯವಾಗಿಸಿದ್ದು 1986ರಲ್ಲಿ. ನಮ್ಮ ಕಾನ್ಪುರದ ಐಐಟಿಗೆ ಐಬಿಎಂ 1620 ಕಂಪ್ಯೂಟರ್ 1963ರಲ್ಲಿಯೇ ಬಂದಿತ್ತು. ಆದರೆ ಆ ವಿಷಯದಲ್ಲಿ ಮೊದಲು ಬಂದದ್ದು ಎಂ.ಟೆಕ್., ಬಿ.ಟೆಕ್. ಆಮೇಲೆ. ಗಣಿತದ ಬುನಾದಿ ಮೊದಲು ಬೀಳಲಿ, ಯಂತ್ರದ ಪಾಠ ನಂತರವಾಗಲಿ ಎಂಬ ವಾದವನ್ನು ಗಣಿತದ ಮೇಷ್ಟ್ರಾಗಿ ನಾನು ಅರ್ಧ ಒಪ್ಪುತ್ತೇನೆ. ಒಪ್ಪಲಾಗದ್ದು, ಆ ವಿಷಯವೆಂದರೆ ಯಂತ್ರ ನಡೆಸುವುದು ಮಾತ್ರ ಎಂಬ ಗ್ರಹಿಕೆ. ಇಂದು ನಾವು ಕಂಪ್ಯೂಟರ್ ಎನ್ನುವ ವಸ್ತು ಇಲ್ಲದಿದ್ದ 1936ರಲ್ಲಿಯೇ ಬ್ರಿಟಿಷ್ ಗಣಿತಜ್ಞ ಅಲನ್ ಟ್ಯೂರಿಂಗ್, ಯಾವ ಯಂತ್ರವೂ ಬಗೆಹರಿಸಲಾರದ ಲೆಕ್ಕಗಳಿವೆಯೆಂದು ಕಾಗದದ ಮೇಲೆ ಸಾಧಿಸಿದ್ದರು.

ನಮ್ಮ ಕಾಲೇಜಿನಲ್ಲಿ ಪಿ.ಸಿ.ಎಂ.ನ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ರಸಾಯನಶಾಸ್ತ್ರವನ್ನು ತೆಗೆದು ಆ ಜಾಗದಲ್ಲಿ ಕಂಪ್ಯೂಟರ್ ಸೈನ್ಸನ್ನು ಕೂರಿಸಿ ಪಿ.ಎಂ.ಸಿ.ಎಸ್. ಮಾಡಿದಾಗ, ಪಾಠದ ಹೊಣೆ ಗಣಿತ ವಿಭಾಗದ ನಮ್ಮ ಮೇಲೆ ಬಿತ್ತು. (ಆಮ್ಲ, ಅನಿಲಗಳ ಖರ್ಚು ಉಳಿಯಿತೆಂದು ಆಡಳಿತ ಮಂಡಳಿಗೆ ಸಮಾಧಾನವೂ ಆಗಿದ್ದಿರಬೇಕು.) ರಾತ್ರಿ ಓದಿಕೊಂಡ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಅಧ್ಯಾಯವನ್ನು ಬೆಳಿಗ್ಗೆ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಹೆಸರುಗಳನ್ನು ಅಕಾರಾದಿಯಲ್ಲಿ ಜೋಡಿಸುವ ಬಬಲ್ ಸಾರ್ಟ್ ಪ್ರೋಗ್ರಾಮನ್ನು ಓಡಿಸಿದ ವಿದ್ಯಾರ್ಥಿನಿಯೊಬ್ಬಳು, ಪಟ್ಟಿ ಸ್ವಲ್ಪ ಉದ್ದವಾದರೆ ಇದು ಇಷ್ಟೇಕೆ ನಿಧಾನವಾಗುತ್ತದೆ ಸರ್ ಎಂದು ಕೇಳಿದಳು. ಹೆಸರುಗಳು ಹತ್ತು ಪಟ್ಟಾದರೆ ಹೋಲಿಕೆಯ ಕೆಲಸ ಸುಮಾರು ನೂರು ಪಟ್ಟಾಗುತ್ತದೆಂದು ಅಂದು ಇಡೀ ಪೀರಿಯಡ್ ವಿವರಿಸಿದೆ. ಅವಳು ಕೇಳಿದ ಪ್ರಶ್ನೆಯೇ ಆ ಶಾಸ್ತ್ರದ ತಿರುಳು. ಆದರೆ ನಮ್ಮ ಸಿಲಬಸ್ಸಿನಲ್ಲಿ ಅದಕ್ಕೆ ಜಾಗವಿರಲಿಲ್ಲ, ಪರೀಕ್ಷೆಯಲ್ಲಿ ಅಂಕವೂ ಇರಲಿಲ್ಲ.

ಈಗ ಗೊಂದಲ ಇನ್ನೂ ಹೆಚ್ಚಾಗಿದೆ. 2024-25ರಿಂದ ಬಿ.ಸಿ.ಎ. ಕೋರ್ಸು ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇ ವ್ಯಾಪ್ತಿಗೆ ಬಂದಿದೆ, ಬಿ.ಎಸ್ಸಿ. ವಿಶ್ವವಿದ್ಯಾಲಯದ ಬಳಿಯೇ ಉಳಿದಿದೆ. ಒಂದೇ ಕಾಲೇಜಿನ ಅಕ್ಕಪಕ್ಕದ ಕೊಠಡಿಗಳಲ್ಲಿ ಹೆಚ್ಚುಕಡಿಮೆ ಅದೇ ಪಾಠ, ನಿಯಮ ಮಾತ್ರ ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ 2011ರಲ್ಲಿ ನಾಲ್ಕು ವರ್ಷದ ವಿಜ್ಞಾನ ಪದವಿ ಆರಂಭಿಸಿದಾಗ ಕಂಪ್ಯೂಟರ್ ಸೈನ್ಸನ್ನು ಮುಖ್ಯ ವಿಷಯಗಳಲ್ಲಿ ಸೇರಿಸಲಿಲ್ಲ. 2022ರಲ್ಲಿ ಅಲ್ಲಿ ಗಣಿತ ಮತ್ತು ಕಂಪ್ಯೂಟಿಂಗ್ ಕೋರ್ಸು ಬಂದದ್ದು ಬಿ.ಟೆಕ್. ಹೆಸರಿನಲ್ಲಿ.

ನಮ್ಮ ರಾಜ್ಯ 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿದ ಮೇಲೆ ಹೊಸ ಪಠ್ಯಕ್ರಮದ ಚರ್ಚೆ ನಡೆಯುತ್ತಲೇ ಇದೆ. ವರ್ಷಕ್ಕೊಂದು ಹೊಸ ಪ್ರೋಗ್ರಾಮಿಂಗ್ ಭಾಷೆ ಸೇರಿಸುವ ಮೊದಲು, ಅಧ್ಯಯನ ಮಂಡಳಿಗಳು ಮೊದಲ ವರ್ಷಕ್ಕೆ ತರ್ಕ ಮತ್ತು ವಿವಿಕ್ತ ಗಣಿತವನ್ನೂ (ಡಿಸ್ಕ್ರೀಟ್ ಮ್ಯಾಥಮೆಟಿಕ್ಸ್) ಎರಡನೆಯ ವರ್ಷಕ್ಕೆ ಆ ವಿದ್ಯಾರ್ಥಿನಿ ಕೇಳಿದಂಥ ಪ್ರಶ್ನೆಗೆ ಉತ್ತರಿಸುವ ಅಲ್ಗಾರಿದಮ್ ವಿಶ್ಲೇಷಣೆಯನ್ನೂ ಕಡ್ಡಾಯಗೊಳಿಸಿ, ಅವನ್ನು ಕಲಿಸಲು ಅತಿಥಿ ಉಪನ್ಯಾಸಕರ ಬದಲು ಕಾಯಂ ಅಧ್ಯಾಪಕರ ಹುದ್ದೆಗಳನ್ನು ಸರ್ಕಾರದಿಂದ ಕೇಳಬೇಕು.

— ನಿವೃತ್ತ ಗಣಿತ ಅಧ್ಯಾಪಕ, ಧಾರವಾಡ